ಅಚ್ಚಿಗೆ ಸವರಿದ ಬೆಣ್ಣೆ

ಚಕ್ಕೆಯ ಘಮ ಮೊದಲು ಬಂತು, ಅದರ ಬೆನ್ನಿಗೇ ಜಾಯಿಕಾಯಿ, ಆಮೇಲೆ ಬೆಂದ ಸಿಹಿಕುಂಬಳದ ಮಣ್ಣು ಬೆರೆತಂಥ ಸಿಹಿ, ಕಿಟಕಿಯಾಚೆ ಮರ ಅರ್ಧ ಬೋಳಾಗಿ ಉಳಿದರ್ಧ ಕೆಂಪಗೆ ನಿಂತಿದೆ, ಎಷ್ಟು ಚೆನ್ನಾದ ದಿನ, ಬೇರೆ ಯಾರ ಮನೆಯಲ್ಲಾದರೂ ಇದು ಎಷ್ಟು ಚೆನ್ನಾದ ದಿನ — ನಿಧಾನ, ನಿಧಾನ ಕಣೇ, ಹಿಟ್ಟು ಚೆಲ್ಲಬಾರದು, ಸ್ಟೂಲಿನ ಮೇಲೆ ಮಗಳು ಕೂತಿದ್ದಾಳೆ, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಬಿಸಿ ಓವನ್ನಿನ ಪಕ್ಕದಲ್ಲೇ ಮುದುಡಿಕೊಂಡಿದ್ದಾಳೆ, ಕಣ್ಣು ಮಾತ್ರ ಬಟ್ಟಲು ಬಿಟ್ಟು ಆಚೆ ಈಚೆ ಹೋಗುವುದಿಲ್ಲ. ಡೋನಟ್ಟಿನ ಅಚ್ಚು ಕಟ್ಟೆಯ ಮೇಲಿದೆ. ಅದರ ಒಳಗೆಲ್ಲ ಬೆಣ್ಣೆ ಸವರಿ ಆಗಿದೆ, ಸವರಿದ್ದು ಮಗಳಿಗೆ ಗೊತ್ತಿಲ್ಲ. ಹಾಳಾದ ಕೈ, ಈ ಕೈಗಿಷ್ಟು ಬೆಂಕಿ ಹಾಕ, ಅಚ್ಚು ಕೆಳಗಿಳಿಸಿದ ಕೂಡಲೇ ತಾನಾಗಿಯೇ ಬೆಣ್ಣೆಗೆ ಹೋಗಿಬಿಡುತ್ತದೆ, ಅಮ್ಮ ಬೇರೆ ಏನೋ ಯೋಚಿಸುತ್ತಿದ್ದಳು — ಬೇರೆ ಏನೋ ಅಂದರೆ ಏನು, ಇರುವುದೇ ಒಂದು ಯೋಚನೆ, ಆಸ್ಪತ್ರೆಯ ಆ ಬಿಳಿ ಹಾಸಿಗೆ, ಮೂಗಿನೊಳಗೆ ಇಳಿಸುವ ಆ ನಳಿಕೆ — ಯೋಚನೆ ಅಲ್ಲಿ, ಕೈ ಇಲ್ಲಿ, ಬಳೆಯಂಥ ಗುಳಿಗಳನ್ನೆಲ್ಲ ಒಂದೊಂದಾಗಿ ಸುತ್ತಿ ಸವರಿ ಬೆರಳು ಒರೆಸಿಕೊಳ್ಳುವಾಗಲೇ ಬಾಗಿಲಲ್ಲಿ ಮಗಳು, ಅಮ್ಮಾ, ಶುರು ಮಾಡ್ಬಿಟ್ಯಾ, ಅಯ್ಯೋ ಇಲ್ಲ ಕಣಮ್ಮ, ನಿಂಗೇ ಕಾಯ್ತಾ ಇದ್ದೆ, ಅಂದಳು. ಅಂದುಬಿಟ್ಟಳು. ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು, ಅಚ್ಚು ತೊಳೆದು ಒರೆಸಿ ಮತ್ತೆ ಇಡಬಹುದಿತ್ತು. ಆದರೆ ಬೆಣ್ಣೆ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಹುಡುಗಿ ಎದ್ದು ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ, ಅದನ್ನು ನೆನೆದೇ ಅಮ್ಮ ಖಾಲಿ ಬಟ್ಟಲನ್ನು ಮುಂದಕ್ಕೆಳೆದುಕೊಂಡಳು.

ಸಕ್ಕರೆ ಎಷ್ಟು ಅಮ್ಮ, ಇಷ್ಟೇ ನೋಡು, ಇನ್ನೂ ಕಮ್ಮಿ ಮಾಡು, ಆಯ್ತು ತಾಯಿ, ತೆಗೆದೆ, ಕಣ್ಣಾರೆ ನೋಡ್ಕೋ. ಡಾಕ್ಟರಮ್ಮ ಇವತ್ತು ನೆಟ್ಟಗೆ ಹೇಳಿದ್ದರು, ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ, ನೋಡಿ, ಊಟ ಬಿಟ್ಟು ಬಿಟ್ಟು ಹೃದಯ ಸುಸ್ತಾಗಿದೆ, ಇನ್ನು ಕಾಯೋ ಹಾಗಿಲ್ಲ, ನಾಳೆ ಬೆಳಗ್ಗೆ ಕರ್ಕೊಂಡ್ ಬನ್ನಿ, ಅಷ್ಟರಲ್ಲಿ ಅವಳಾಗೇ ಏನಾದ್ರೂ ಕೇಳಿ ತಿಂದ್ರೆ, ಎಷ್ಟೇ ಆಗ್ಲಿ ಪರ್ವಾಗಿಲ್ಲ, ಮನೇಲೇ ಇಟ್ಕೊಂಡು ನೋಡೋಣ, ಇಲ್ಲಾಂದ್ರೆ ನಳಿಕೆ ಹಾಕ್ಲೇಬೇಕು. ಮೂವರೂ ಕಾರಿನಲ್ಲಿ ವಾಪಸ್ ಬರುವಾಗ, ಬೇಕರಿಯ ಮುಂದೆ ಸಿಗ್ನಲ್ಲಿನಲ್ಲಿ ನಿಂತಾಗ ಮಗಳು ಗಾಜಿಗೆ ಹಣೆ ಒತ್ತಿಕೊಂಡು, ಡೋನಟ್ ಮಾಡ್ತಿದ್ಯಲ್ಲಮ್ಮ ಎಲೆ ಉದುರೋ ಕಾಲಕ್ಕೆ, ಕುಂಬಳಕಾಯಿ ಹಾಕಿ, ಅಂದಳು, ಅಷ್ಟೇ, ಮುಂದಿನ ಸೀಟಿನಲ್ಲಿದ್ದ ಅಮ್ಮ ತಿರುಗಿ ನೋಡಲೂ ಹೆದರಿದಳು, ನೋಡಿದರೆ ಎಲ್ಲಿ ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಾಳೋ ಅಂತ. ಮಾಡೋಣ್ವಾ, ಮಾಡು, ಆದ್ರೆ ಕರಿಯೋದ್ ಬೇಡ, ಓವನ್ನಲ್ಲಿ ಬೇಯ್ಸು, ನಾನ್ ಕೂತು ನೋಡ್ತೀನಿ, ನಾನ್ ನೋಡ್ದೇ ಇರೋದು ಒಂದೂ ಒಳಗ್ ಹೋಗ್ಬಾರ್ದು, ಮಾತ್ ಕೊಡು. ಮಾತು ಕೊಟ್ಟಳು. ಮಗಳು ಯಾಕೆ ಮಾತು ಕೇಳಿದಳು ಅಂತ ಅವಳಿಗೆ ಗೊತ್ತು, ಗಂಡನಿಗೂ ಗೊತ್ತು, ಆ ಸೂಪು — ಟೊಮೇಟೊ ಸೂಪಿನಲ್ಲಿ ಬೆಣ್ಣೆ ಕರಗಿಸಿ ಚೆನ್ನಾಗಿ ಕಲಕಿ, ಕಾಣದ ಹಾಗೆ ಕಲಕಿ, ನಗುನಗುತ್ತಾ ತಂದಿಟ್ಟಿದ್ದಳು, ಎಂಥಾ ಜಾಣೆ, ಮಗಳು ಚಮಚ ಮುಟ್ಟಲಿಲ್ಲ, ತೋರುಬೆರಳ ತುದಿ ಅದ್ದಿದಳು, ಹೆಬ್ಬೆರಳಿಗೆ ಉಜ್ಜಿದಳು, ಕಿಟಕಿಯ ಬೆಳಕಿಗೆ ಹಿಡಿದಳು, ಎರಡು ಬೆರಳು, ತುದಿಯಲ್ಲಿ ಮಿಣಮಿಣ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು, ಇನ್ನೊಂದ್ಸಲ ಹಿಂಗ್ ಮಾಡಿದ್ರೆ ನಿನ್ ಕೈಯಿಂದ ನೀರೂ ಕುಡಿಯಲ್ಲಮ್ಮ, ಅಂದಳು, ಮೆತ್ತಗೆ, ಹೊರಗಿನವರ ಹತ್ತಿರ ಮಾತಾಡಿದ ಹಾಗೆ. ಅವತ್ತಿನಿಂದ ಏನು ಮುಂದಿಟ್ಟರೂ ಮೊದಲು ಆ ಎರಡು ಬೆರಳು, ಚಪಾತಿಗೂ ಬೆರಳು, ತೊಳೆದ ತಟ್ಟೆಗೂ ಬೆರಳು.

ಹಿಟ್ಟು ಅಚ್ಚಿಗೆ ಬಿತ್ತು, ಹೊಂಬಣ್ಣದ ದಪ್ಪ ಹಿಟ್ಟು, ಬೆಣ್ಣೆಯ ಮೇಲೆ ಕೂತು ಬೆಣ್ಣೆಯನ್ನು ಮುಚ್ಚಿತು, ಆಯಿತು, ಇನ್ನು ಯಾರಿಗೂ ಕಾಣುವುದಿಲ್ಲ, ಓವನ್ನಿನ ಬಾಗಿಲು ಮುಚ್ಚಿದಳು, ಹೇಳು, ಈಗಲಾದರೂ ಹೇಳು, ಗಾಜಿನ ಹಿಂದೆ ಹಿಟ್ಟು ಉಬ್ಬುತ್ತಿದೆ, ಬೇಡ, ಉಬ್ಬಲಿ. ಪಕ್ಕದ ಹಾಲ್‌ನಲ್ಲಿ ಗಂಡ ಪೇಪರು ಹಿಡಿದು ಕೂತಿದ್ದಾರೆ, ಅಡುಗೆಮನೆಗೆ ಕಾಲಿಡಬೇಡಿ ಅಂತ ಅವಳೇ ಕಟ್ಟಪ್ಪಣೆ ಮಾಡಿದ್ದಾಳೆ, ಆಗಿನಿಂದ ಒಂದೇ ಪುಟ ಓದುತ್ತಿದ್ದಾರೆ ಪಾಪ, ಅದೂ ಜಾಹೀರಾತಿನ ಪುಟ, ಆ ಮನುಷ್ಯನೇ ಒಂದು ದಿನ ಸಿಟ್ಟಿನಲ್ಲಿ ಕೇಳಿದ್ದು, ಬಟ್ಟೆ ಹೊಲಿಯೋಳು ನೀನು, ಅಳತೆ ಟೇಪು ಮೂರು ಹೊತ್ತೂ ಕೊರಳಲ್ಲೇ ಇರತ್ತೆ, ಮಗಳು ಇಳೀತಿರೋದು ಕಾಣ್ಲಿಲ್ವೇನೇ. ಕಾಣಲಿಲ್ಲವೇ? ಸಡಿಲವಾದ ಸ್ಕರ್ಟಿನ ಸೊಂಟ ಬಿಗಿ ಮಾಡಿ ಹೊಲಿದುಕೊಟ್ಟವಳು ಅವಳೇ, ಮತ್ತೆ ಬಿಗಿ ಮಾಡಿಕೊಟ್ಟವಳೂ ಅವಳೇ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಆಹಾ ಎಷ್ಟು ನೀಟಾಗಿ ಕೂತಿತು ನೋಡು ಅಂದವಳೂ ಅವಳೇ, ಥೂ. ಕೈಕೂಸಾಗಿದ್ದಾಗ ತೊಡೆ ತುಂಬಾ ಮಡಿಕೆ, ನೆಂಟರಿಷ್ಟರೆಲ್ಲ ಕೆನ್ನೆ ಹಿಂಡಿ ಡುಮ್ಮಿ ಅನ್ನುತ್ತಿದ್ದರು, ಡುಮ್ಮಿ ಬಂದ್ಲು, ಡುಮ್ಮಿಗೆ ಇನ್ನೊಂದ್ ಕೊಡಿ, ಡುಮ್ಮೀ ಸೋಫಾ ಮುರಿದೀತು ಕಣೇ, ಮನೆಮಂದಿಯೆಲ್ಲ ನಗುತ್ತಿದ್ದರು, ಮಗುವೂ ನಗುತ್ತಿತ್ತು, ನಕ್ಕಿತು ಅಂತಲೇ ತಿಳಿದಿದ್ದರಲ್ಲ ಎಲ್ಲರೂ. ಈಗ ಆ ಹೆಸರನ್ನು ಯಾರೂ ಎತ್ತುವುದಿಲ್ಲ, ಗಂಡನ ಬಾಯಿ ತಪ್ಪಿ ಡು ಅನ್ನುವವರೆಗೆ ಬಂದು ಕೆಮ್ಮಿನಲ್ಲಿ ಮುಗಿಯುತ್ತದೆ. ಅಮ್ಮ, ವಾಸ್ನೆ ಬರ್ತಿದೆ, ಅಂದಳು ಮಗಳು, ಚೆನ್ನಾಗ್ ಬರ್ತಿದೆ, ಅಂದಳು, ಮೂಗೆಳೆದುಕೊಂಡಳು, ದೇವರೇ, ಹಸಿವಾದವರ ಹಾಗೆ ಮೂಗೆಳೆದುಕೊಂಡಳು, ಇದೊಂದು ಸಲ ನಡೆಸಿಕೊಡಪ್ಪಾ, ಇದೊಂದೇ ಸಲ, ಇನ್ನು ನಿನ್ನನ್ನು ಯಾವುದಕ್ಕೂ ಕೇಳುವುದಿಲ್ಲ.

ತೆಗೆದಳು, ಅಚ್ಚು ಬೋರಲು ಹಾಕಿದಳು, ಸ್ವಲ್ಪವಾದರೂ ಅಂಟಿಕೊಳ್ಳಬಾರದಾಗಿತ್ತೇ, ತಟಪಟ ಅಂತ ಎಲ್ಲವೂ ಬಿದ್ದವು, ಒಂದರ ಅಂಚೂ ಮುರಿದಿಲ್ಲ, ತಳವೆಲ್ಲ ನುಣ್ಣಗೆ ಹೊಳೆಯುತ್ತಿದೆ, ಮೇಲೆ ಚಕ್ಕೆಪುಡಿ ಉದುರಿಸಿದಳು, ಹೆಚ್ಚಿದ ಸೇಬು ಇಟ್ಟಳು, ತಳ ಮರೆಯಾಗುವಂತೆ ತಟ್ಟೆಯಲ್ಲಿ ಜೋಡಿಸಿದಳು, ಕಳ್ಳಿ, ಕಳ್ಳಿ, ಎಂಥಾ ಕಳ್ಳಿ ನೀನು. ಬಿಸಿ ಇದೆ ಕಣೇ, ನಿಧಾನ. ಮಗಳು ಒಂದನ್ನು ಎತ್ತಿಕೊಂಡಳು, ಎರಡೂ ಕೈಯಲ್ಲಿ, ಊದಿದಳು, ಬಾಯಿಯ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ತಂದಳು, ಅಮ್ಮ ಸಿಂಕಿನ ಕಡೆ ತಿರುಗಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಾಳೆ, ನೋಡಬೇಡ, ನೋಡಿದರೆ ನಿಲ್ಲಿಸಿಬಿಡುತ್ತಾಳೆ — ಕಚ್ಚಿದ ಸದ್ದು. ಕಚ್ಚಿದಳು! ತಿರುಗಿ ನೋಡಿದಳು, ತಡೆಯಲಾಗಲಿಲ್ಲ, ಮಗಳ ಕೆನ್ನೆ ಉಬ್ಬಿದೆ, ದವಡೆ ಆಡುತ್ತಿದೆ, ತುಟಿಯ ಮೇಲೆ ಚಕ್ಕೆಪುಡಿ, ಎಷ್ಟು ಕಾಲವಾಯಿತು ಈ ಕೆನ್ನೆ ಉಬ್ಬಿದ್ದನ್ನು ಕಂಡು, ಕುಣಿಯೋಣ ಅನ್ನಿಸಿತು, ಹಾಲಿಗೆ ಓಡಿ ಆ ಪೇಪರು ಕಿತ್ತೆಸೆದು ತಿಂದ್ಲು ರೀ ಅನ್ನೋಣ ಅನ್ನಿಸಿತು — ದವಡೆ ನಿಂತಿತು. ಮಗಳು ಡೋನಟ್ಟನ್ನು ತಟ್ಟೆಯಲ್ಲಿಟ್ಟಳು. ತೋರುಬೆರಳನ್ನು ಹೆಬ್ಬೆರಳಿಗೆ ಉಜ್ಜಿದಳು, ಒಂದು ಸಲ, ಇನ್ನೊಂದು ಸಲ, ಕಿಟಕಿಯ ಬೆಳಕಿಗೆ ಹಿಡಿದಳು, ತುತ್ತು ಕೆನ್ನೆಯಲ್ಲೇ ಇದೆ, ಅಮ್ಮ, ಎಲ್ಲಾ ತೋರ್ಸಿದ್ಯಲ್ವಾ, ಅಂದಳು. ಹೂಂ ಅನ್ನು. ಒಂದು ಹೂಂ, ನುಂಗುತ್ತಾಳೆ, ಒಂದು ತುತ್ತು ಒಳಗೆ ಹೋಗುತ್ತದೆ, ತಿಂದಳು ಡಾಕ್ಟರಮ್ಮ ಅಂತ ನಾಳೆ ಹೇಳಬಹುದು, ನಳಿಕೆ ತಪ್ಪುತ್ತದೆ, ಅನ್ನೇ, ಅನ್ನು. ಆದರೆ ಮಗಳಿಗೆ ಗೊತ್ತಾಗಿದೆ. ಗೊತ್ತಾಗಿಯೇ ಕೇಳುತ್ತಿದ್ದಾಳೆ, ಕಣ್ಣು ತುಂಬಿಕೊಂಡು, ಹೂಂ ಅನ್ನಬೇಡಮ್ಮ ಅನ್ನುವ ಹಾಗೆ ನೋಡುತ್ತಿದ್ದಾಳೆ. ಇಲ್ಲ ಕಣೇ, ಅಂದಳು, ಬೆಣ್ಣೆ, ಅಚ್ಚಿಗೆ ಸವರಿದ್ದೆ, ನೀನ್ ಬರೋಕ್ ಮುಂಚೆ, ಬೇಕೂಂತಲ್ಲ, ಕೈ ಹೋಗ್ಬಿಡ್ತು, ಆಮೇಲೆ ಹೇಳೋಕೆ ಹೆದ್ರಿಕೆ ಆಯ್ತು, ನೀನ್ ತಿನ್ನಲ್ವೇನೋ ಅಂತ ಹೆದ್ರಿಕೆ ಆಯ್ತು ಕಣೇ. ನಲ್ಲಿ ಸುರಿಯುತ್ತಲೇ ಇದೆ, ನಿಲ್ಲಿಸಬೇಕು, ಉಗೀಬೇಡ್ವೇ, ಉಗೀಬೇಡ, ಮಗಳು ಉಗುಳಿಲ್ಲ, ನುಂಗಿಲ್ಲ, ಕೆನ್ನೆ ಉಬ್ಬಿಯೇ ಇದೆ, ಗಂಟಲು ಆಡುತ್ತಿಲ್ಲ, ಆಡಲಿ, ಆಡಲಿ, ಬೆಳಕಿನಲ್ಲಿ ಹಿಡಿದ ಕೈ ಇನ್ನೂ ಇಳಿದಿಲ್ಲ, ಎರಡು ಬೆರಳು, ತುದಿಯಲ್ಲಿ ಮಿಣಮಿಣ, ಎರಡು ಬೆರಳು