ಸೊನ್ನೆ ತೋರಿಸಿದ ಯಂತ್ರ

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಆ ಬೈಕು ತಿರುವನ್ನು ತೀರಾ ಅಗಲವಾಗಿ ಬಳಸಿ ಬಂದಾಗಲೇ ಸಂಚಾರಿ ಪೇದೆಗೆ ಅನುಮಾನ ಬಂದಿತ್ತು. ಕೆಂಪು ದೀಪದ ಮುಂದೆ ಸವಾರ ಎರಡೂ ಕಾಲು ಊರಿದರೂ ಗಾಡಿ ಎಡಕ್ಕೆ ವಾಲಿತು. ಹಸಿರು ಬಂತು, ಹಿಂದಿನವರು ಹಾರ್ನ್ ಹೊಡೆದರು, ಆತ ಮಾತ್ರ ಕದಲಲಿಲ್ಲ. ಪೇದೆ ಅವನನ್ನು ಬದಿಗೆ ಕರೆದಳು.

ಆತ ಹೆಲ್ಮೆಟ್ ತೆಗೆದಾಗ ಅವಳಿಗೆ ಗುರುತು ಸಿಕ್ಕಿತು. ಪೊಲೀಸ್ ತರಬೇತಿ ಶಾಲೆಯಲ್ಲಿ ಅಮಲಿನ ಸವಾರರ ಲಕ್ಷಣಗಳನ್ನೆಲ್ಲ ಅವಳಿಗೆ ಕಲಿಸಿದ ಮೇಷ್ಟ್ರು. ನಿವೃತ್ತರಾಗಿ ಎರಡು ವರ್ಷವಾಗಿತ್ತು.

"ಏನಮ್ಮಾ, ನನ್ನನ್ನೇ ಹಿಡೀತೀಯಾ?" ಎನ್ನುತ್ತ ಅವರು ಸ್ಟ್ಯಾಂಡ್ ಹಾಕದೆಯೇ ಇಳಿಯಹೊರಟರು. ಅವಳು ಹಿಡಿಯದಿದ್ದರೆ ಬೈಕು ಅವರ ಕಾಲ ಮೇಲೆಯೇ ಬೀಳುತ್ತಿತ್ತು.

ಅವಳು ಕೀ ತೆಗೆದಿಟ್ಟುಕೊಂಡು, ಕುಡಿತ ಅಳೆಯುವ ಯಂತ್ರಕ್ಕೆ ಊದಿಸಿದಳು. ಅದು ಸೊನ್ನೆ ತೋರಿಸಿತು.

"ನೋಡಿದ್ಯಾ? ಕೀ ಕೊಡು."

"ಕೊಡಲ್ಲ ಸಾರ್. ನೀವು ಕುಡಿದಿಲ್ಲ ಅಂತಷ್ಟೇ ಗೊತ್ತಾಯ್ತು. ಯಾವ ಮಾತ್ರೆ ತಗೊಂಡಿದ್ದೀರಿ?"

"ಬೆನ್ನುನೋವಿಗೆ ಎರಡು. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

ಅವರು ಅವಳ ಠಾಣೆಯ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟರು. ಆತನೂ ಅವರ ಶಿಷ್ಯನೇ.

"ಅವರ ಹತ್ರ ಪಾಠ ಹೇಳಿಸಿಕೊಂಡವರು ನಾವು. ಬಿಟ್ಟು ಕಳಿಸು."

"ಹೇಳಿಸಿಕೊಂಡಿದ್ದಕ್ಕೇ ನಿಲ್ಲಿಸಿದ್ದು ಸಾರ್. ಬಿಡಲೇಬೇಕು ಅಂದ್ರೆ ಕಾಗದದಲ್ಲಿ ಬರೆದು ಕಳಿಸಿ."

ಕಾಗದ ಬರಲಿಲ್ಲ. ಅವಳು ಮೇಷ್ಟ್ರನ್ನು ಆಸ್ಪತ್ರೆಗೆ ಕರೆದೊಯ್ದಳು. ಮಾತ್ರೆಯ ಹೆಸರು ಕೇಳಿದ ವೈದ್ಯೆ ಹುಬ್ಬು ಗಂಟಿಕ್ಕಿದರು. "ಒಂದೇ ನುಂಗಿದ್ರೂ ಗಾಡಿ ಮುಟ್ಟಬಾರದು ಅಂತ ಡಬ್ಬಿ ಮೇಲೇ ಬರೆದಿರುತ್ತಲ್ಲ," ಎಂದು ರಕ್ತ ತೆಗೆಸಿದರು.

ಅಷ್ಟರಲ್ಲಿ ಮೇಷ್ಟ್ರ ಮಗಳು ಕಚೇರಿಯಿಂದ ಏದುಸಿರು ಬಿಡುತ್ತ ಬಂದಳು. "ನಮ್ಮಪ್ಪನ್ನ ನಡುಬೀದೀಲಿ ಕಳ್ಳನ ಥರ ನಿಲ್ಲಿಸಿದ್ಯಂತೆ. ನಿನಗೆ ಮನಸ್ಸು ಹೇಗೆ ಬಂತು?"

ಬೆಂಚಿನ ಮೇಲೆ ಮೇಷ್ಟ್ರು ಅಂಗಿಯ ಮಡಚಿದ ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಕೈಗೆ ಸಿಗುತ್ತಿತ್ತು, ತೂತು ಸಿಗುತ್ತಿರಲಿಲ್ಲ. ಮತ್ತೆ ಮತ್ತೆ ತಪ್ಪಿತು. ಮಗಳು ನೋಡುತ್ತ ನಿಂತಳು. ಕೊನೆಗೆ ತಾನೇ ಬಗ್ಗಿ ಗುಂಡಿ ಹಾಕಿ, ಪೇದೆಯತ್ತ ಕೈ ಚಾಚಿದಳು.

"ಕೀ ನನ್ನ ಹತ್ರ ಕೊಡಿ. ಬೈಕ್ ನಾನು ತಗೊಂಡು ಹೋಗ್ತೀನಿ."

ಮೇಷ್ಟ್ರು ತಲೆಯೆತ್ತಲಿಲ್ಲ. ಪೇದೆ ಬರೆದ ವರದಿಗೆ ಮಾತ್ರ ರುಜು ಹಾಕಿದರು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಅವಳನ್ನು ಜಪ್ತಿಯಾದ ವಾಹನಗಳ ಅಂಗಳದ ಕಾವಲಿಗೆ ಹಾಕಿದ. "ಸ್ವಲ್ಪ ದಿನ ಅಲ್ಲಿರು. ಬುದ್ಧಿ ಬಂದ ಮೇಲೆ ರಸ್ತೆಗೆ ಕರೀತೀನಿ."

"ಕರೆದ್ರೆ ಮತ್ತೆ ಹೀಗೇ ನಿಲ್ಲಿಸ್ತೀನಿ ಸಾರ್. ಯೋಚನೆ ಮಾಡಿ ಕರೀರಿ," ಎಂದು ಸೆಲ್ಯೂಟ್ ಹೊಡೆದು ಅವಳು ಹೊರಟಳು.