ಹುತ್ತ ಅಗೆದವನು

ಹಾಲಿನ ಗಿಂಡಿ ಹಿಡಿದು ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ ದುರ್ಗವ್ವ ಗಕ್ಕನೆ ನಿಂತಳು. ಆಳೆತ್ತರದ ಹುತ್ತ ಅರ್ಧಕ್ಕರ್ಧ ಕುಸಿದಿತ್ತು. ಬುಡದಲ್ಲಿ ದೊಡ್ಡ ತೂತು, ಸುತ್ತ ಕೆಂಪು ಮಣ್ಣಿನ ರಾಶಿ. ಅದೂ ನೆಲಕ್ಕೆ ಗುದ್ದಲಿ ತಾಗಿಸಬಾರದ ನಾಗರಪಂಚಮಿಯ ದಿನ! ಸನವಳ್ಳಿಯ ಅವರ ಓಣಿಯವರೆಲ್ಲ ಹಾಲೆರೆಯುವುದು ಅವಳ ಗಂಡ ಈಶಪ್ಪನ ಹೊಲದ ಈ ಹುತ್ತಕ್ಕೇ.

ಎಲ್ಲರ ಕಣ್ಣೂ ಈಶಪ್ಪನ ಮೇಲೆ ಬಿತ್ತು. ಹುತ್ತ ತೆಗೆದರೆ ಇನ್ನೆರಡು ಸಾಲು ಗೋವಿನಜೋಳ ಬರುತ್ತದೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನೇ. ಬಾಯಿ ಸುಮ್ಮನಿರಬೇಕಲ್ಲ!

"ಖರೇ ಹೇಳ್ರಿ, ನೀವ ಅಗದೀರೇನು?" ದುರ್ಗವ್ವ ಗಂಡನತ್ತ ತಿರುಗಿದಳು.

ಅಗೆದದ್ದು ಯಾರೆಂದು ಈಶಪ್ಪನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಹಸಿ ಮಣ್ಣಿನಲ್ಲಿ ಉದ್ದುದ್ದ ಉಗುರಿನ ಗೆರೆ, ಬಾಲ ಎಳೆದ ಗುರುತು. ಗೆದ್ದಲು ತಿನ್ನಲು ಬಂದ ಚಿಪ್ಪುಹಂದಿ. ಅದರ ಬಿಲ ಇಲ್ಲೇ ಕಾಡಂಚಿನ ದಿಬ್ಬದಲ್ಲಿತ್ತು. ಹೇಳಿಬಿಟ್ಟರೆ ಅಪವಾದ ತಪ್ಪುತ್ತಿತ್ತು. ಆದರೆ ಹೋದ ವರ್ಷ ಚಹಾದಂಗಡಿಯಲ್ಲಿ ಇಂಥದೇ ಒಂದು ಬಿಲದ ಸುದ್ದಿಯನ್ನು ತಾನೇ ಹೇಳಿದ್ದ; ಮರುದಿನವೇ ಓಣಿಯ ಬಾಳೇಶ ಅದನ್ನು ಅಗೆದು, ಮರಿಯನ್ನು ಅವಚಿಕೊಂಡು ಸುರುಳಿಯಾಗಿದ್ದ ತಾಯಿಯನ್ನು ಚೀಲಕ್ಕೆ ತುಂಬಿ ಮಾರಿಬಿಟ್ಟಿದ್ದ. ಎರಡು ದಿನ ಈಶಪ್ಪನಿಗೆ ಅನ್ನ ಸೇರಿರಲಿಲ್ಲ.

ಈಗ ಅದೇ ಬಾಳೇಶ ಕಾಯಿ ಹಿಡಿದು ತೂತಿನ ಕಡೆ ಬಗ್ಗಿದ.

"ಈಶಪ್ಪ, ಇದು ಗುದ್ದಲಿ ಪೆಟ್ಟಲ್ಲೋ..."

"ಹೌದು, ನಾನ ಅಗದೇನಿ!" ಈಶಪ್ಪ ನುಗ್ಗಿ ಹೋಗಿ ಗೆರೆಗಳ ಮೇಲೆ ಕಾಲಿಟ್ಟು ನಿಂತ. "ಗುದ್ದಲಿ ಅಲ್ಲ, ಕಳೆ ತೆಗಿಯೋ ಕುರ್ಚಿಗಿಲೆ ಕೆದರೇನಿ."

ದುರ್ಗವ್ವ ಗಂಡನಿಂದ ದೂರ ಸರಿದಳು.

"ಎಂಥಾ ಸೊಕ್ಕೋ ನಿಂದು!" ಹಿರಿಯಳಾದ ಗುರುಸಿದ್ದವ್ವ ಉಗಿದಳು. "ಇವತ್ತ ಮಣ್ಣ ಮುಟ್ಟಬ್ಯಾಡ. ನಾಳೆ ಹುತ್ತ ಮೊದಲಿನಂಗ ಕಟ್ಟಿ ತಪ್ಪುಗಾಣಿಕಿ ಇಡು."

ಅಂದು ದಿನವಿಡೀ ಈಶಪ್ಪ ಹುತ್ತದ ಬಳಿಯೇ ಗೋಣಿಚೀಲದ ಕೊಪ್ಪೆ ಹೊದ್ದು ಕೂತ. ಪಶ್ಚಾತ್ತಾಪ ಪಡುತ್ತಿದ್ದಾನೆಂದು ಜನ ಅಂದುಕೊಂಡರು. ಮನೆಗೆ ಹೋದರೆ ಹಬ್ಬದ ಉಂಡಿ ಅವನ ತಾಟಿಗೆ ಬೀಳಲಿಲ್ಲ. ಹೆಂಡತಿ ಮಾತೂ ಆಡಲಿಲ್ಲ. ಅದು ಅವನಿಗೆ ಊರಿನ ಬೈಗುಳಕ್ಕಿಂತ ಹೆಚ್ಚು ನೋಯಿತು.

ಮರುದಿನ ಅವನು ಮಣ್ಣು ಕಲಸಿ ಮೆತ್ತುತ್ತಿದ್ದಾಗ ದುರ್ಗವ್ವ ಬಂದಳು, ತಪ್ಪುಗಾಣಿಕೆಯ ತೆಂಗಿನಕಾಯಿ ಕುಕ್ಕಿ ಹುತ್ತದ ಹಿಂಬದಿಗೆ ಹೋದಳು. ಅಲ್ಲಿ ಅವನಿನ್ನೂ ಕೈ ಹಚ್ಚಿರಲಿಲ್ಲ. ದೊಡ್ಡ ಉಗುರಿನ ಗೆರೆಗಳು. ಅವುಗಳ ಪಕ್ಕಕ್ಕೆ ಸಣ್ಣ ಸಣ್ಣವು. ಬಗ್ಗಿ ಸಣ್ಣ ಗೆರೆಯೊಂದರ ಮೇಲೆ ಬೆರಳಾಡಿಸಿದಳು.

"ಮರಿ ಐತೇನ್ರಿ ಅದಕ್ಕ?"

"ಹ್ಞೂಂ. ಯಾರ ಮುಂದೂ ಹೇಳಬ್ಯಾಡ."

"ನಾ ಏನ್ ಹೇಳ್ಲಿ? ಅಗದಾಂವ ನನ್ನ ಗಂಡ," ಎಂದು ದುರ್ಗವ್ವ ಸೀರೆ ಎತ್ತಿ ಸಿಕ್ಕಿಸಿ, ಬೊಗಸೆ ತುಂಬ ಕೆಸರು ತೆಗೆದು ಆ ಗೆರೆಗಳ ಮೇಲೆ ಮೆತ್ತತೊಡಗಿದಳು.