ಸಾಸಿವೆಯಷ್ಟು ತೂತು

ಎರಡು ಅಂಗಿಗಳ ಬಲತೋಳನ್ನು ಮಡಚಿ ಹೊಲಿದಾಗಿತ್ತು. ಮೂರನೆಯದು ಕಾರ್ಖಾನೆಯ ಖಾಕಿ ಅಂಗಿ. ಅದನ್ನು ಮಡಿಲಲ್ಲಿ ಹರಡಿಕೊಂಡು ವಿಮಲಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಾಗ ತಿಮ್ಮಯ್ಯ ಬಾಳೆಹಣ್ಣು ಹಿಡಿದು ಬಂದ. ಕಾರ್ಖಾನೆಯಲ್ಲಿ ಗಂಡ ಸೇತುರಾಮನ ಜಾಗಕ್ಕೆ ಈಗ ಅವನನ್ನೇ ಹಾಕಿದ್ದರು.

“ಸೇತಣ್ಣಾ, ನಿಮ್ಮ ಮಿಷನ್ನು ನನ್ನ ಮಾತೇ ಕೇಳಲ್ಲ. ಹೊಸ ಸೊಸೆ ಥರ ಮುನಿಸ್ಕೊಂಡಿದೆ.”

ಗೋಡೆಗೊರಗಿದ್ದ ಸೇತುರಾಮ ನಕ್ಕ. ಎರಡು ತಿಂಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ರಾಜಾಜಿನಗರದ ಆ ಕಾರ್ಖಾನೆಗೆ ಎಂಬತ್ತಾರರಲ್ಲಿ ಬಂದ ಮಿಷನ್ ಅದು. ನೀರನ್ನು ಒಂದೇ ಧಾರೆಯಾಗಿ ಬಿಡದೆ, ತುಂಡು ತುಂಡಾಗಿ, ಗುಂಡು ಹಾರಿಸಿದ ಹಾಗೆ ಬಡಿದು ಗ್ರಾನೈಟ್ ಸೀಳುತ್ತಿತ್ತು. ಬಡಿತ ಸರಿಯಾಗಿದೆಯೇ ಎಂದು ಸೇತುರಾಮ ಮೊಳ ದೂರದಲ್ಲಿ ಅಂಗೈ ಒಡ್ಡಿ ನೋಡುತ್ತಿದ್ದ, ನಾಡಿ ಹಿಡಿಯುವವನಂತೆ. ಎರಡು ತಿಂಗಳ ಹಿಂದೆ ಒಂದು ದಿನ ಕೈ ತುಸು ಹತ್ತಿರ ಹೋಗಿತ್ತು. ಅಂಗೈಯಲ್ಲಿ ಸಾಸಿವೆಯಷ್ಟು ತೂತು, ರಕ್ತವೂ ಇರಲಿಲ್ಲ.

“ಒಳಗೆಲ್ಲ ಬಿಗೀತಾ ಇದೆ ಕಣೇ. ಆಸ್ಪತ್ರೆಗೆ ಹೋಗ್ಬರ್ಲಾ?” ಎಂದಿದ್ದ.

“ನೀರು ತಾಗಿದ್ದಕ್ಕೆ ಆಸ್ಪತ್ರೆಯಾ? ಡಾಕ್ಟ್ರು ನಗ್ತಾರೆ ರೀ,” ಎಂದು ಅವಳೇ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದಳು. ಮಾರನೆಯ ದಿನವೂ ಕಟ್ಟಿದ್ದಳು. ಮೂರನೆಯ ದಿನ, ಒಳಗೆ ನುಗ್ಗಿದ ನೀರಿಗೆ ಕೈ ಮೊಣಕೈವರೆಗೆ ಕಪ್ಪಾಗಿತ್ತು; ಕತ್ತರಿಸಲೇಬೇಕಾಯಿತು. ಯಾಕೆ ತಡ ಮಾಡಿದಿರಿ ಎಂದು ಡಾಕ್ಟರು ಗದರಿದಾಗ ಸೇತುರಾಮ, “ನಂದೇ ಉದಾಸೀನ ಸಾರ್. ಏನೂ ಹಚ್ಲಿಲ್ಲ, ಇವಳಿಗೂ ಹೇಳ್ಲಿಲ್ಲ,” ಎಂದುಬಿಟ್ಟ. ಎಲ್ಲರಿಗೂ ಅದೇ ಹೇಳಿದ. ಒಂದು ಸಲ ಅವನು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಅವನು ಬೈಯಲಿಲ್ಲ.

“ಈಗ ನೀವು ಹೇಳ್ಕೊಟ್ಟ ಹಾಗೇ ಅಂಗೈ ಒಡ್ಡಿ ನೋಡ್ತೀನಿ,” ಎಂದ ತಿಮ್ಮಯ್ಯ.

ಸೇತುರಾಮನ ನಗು ಆರಿತು. “ಬೇಡ ಕಣೋ.”

“ನೀವು ಉದಾಸೀನ ಮಾಡಿದ್ರಿ ಅಣ್ಣ. ನಮ್ಮನೆಯವಳು ಬಿಡ್ತಾಳಾ? ತಾಗಿದ್ರೆ ತಕ್ಷಣ ಅರಿಶಿನ ಮೆತ್ತಿಬಿಡ್ತಾಳೆ. ನಮ್ಮ ಹುಡುಗರೆಲ್ಲ ಹಾಗೇ ಅನ್ಕೊಂಡಿದೀವಿ.”

ಸೇತುರಾಮ ಬಾಯಿ ತೆರೆದ. ಹೆಂಡತಿಯ ಕಡೆ ನೋಡಿದ. ಬಾಯಿ ಮುಚ್ಚಿಕೊಂಡ.

ಅವಳ ಕೈಯಲ್ಲಿನ ಸೂಜಿ ನಿಂತಿತು. ಇಲ್ಲಿ ತಾನು ಬಾಯಿಬಿಟ್ಟರೆ ಅವನು ‘ಅವಳದೇನೂ ಇಲ್ಲ’ ಎಂದು ಅಡ್ಡ ಬರುತ್ತಾನೆ. ತಿಮ್ಮಯ್ಯ ಅವನನ್ನೇ ನಂಬುತ್ತಾನೆ. ನಾಳೆ ಬೆಳಿಗ್ಗೆ, ಮಿಷನ್ ಶುರುವಾಗುವ ಮೊದಲು, ಕಾರ್ಖಾನೆಯ ಗೇಟಿನಲ್ಲಿ ಎಲ್ಲರೂ ಬೀಡಿ ಸೇದುತ್ತ ನಿಂತಿರುತ್ತಾರೆ. ಕುರುಬರಹಳ್ಳಿಯ ಈ ಮನೆಯಿಂದ ಎಷ್ಟು ದೂರ, ನಡೆದೇ ಹೋಗಬಹುದು. ಅರಿಶಿನ ಮೆತ್ತಿದ್ದು ಯಾರು, ಆಸ್ಪತ್ರೆ ಬೇಡವೆಂದಿದ್ದು ಯಾರು, ಎಲ್ಲ ಹೇಳಬೇಕು.

“ಕಾಫಿ ಕುಡ್ಕೊಂಡು ಹೋಗು ತಿಮ್ಮಯ್ಯ,” ಎಂದಳು. ಖಾಕಿ ತೋಳಿಗೆ ಕೊನೆಯ ಹೊಲಿಗೆ ಹಾಕಿ, ದಾರ ಕಚ್ಚಿ ಎದ್ದಳು.